ಹಾಲಿನ ಲೆಕ್ಕದ ಪುಸ್ತಕ ಮತ್ತು ನಮ್ಮ ಕಾರು

ಅಡುಗೆಮನೆ ಬಿಟ್ಟು ಇವಳಿಗ್ಯಾಕೆ ಕಾರಿನ ಉಸಾಬರಿ ಎಂದು ನಗಬೇಡಿ, ಸೋದರಿಯರೇ. ಆರೂವರೆ ಸಾವಿರ ರೂಪಾಯಿ ಕಳೆದುಕೊಂಡು ಕಲಿತ ಪಾಠ ಇದು. ನಿಮಗೆ ಪುಕ್ಕಟೆಯಾಗಿ ಹೇಳುತ್ತಿದ್ದೇನೆ.

ನಮ್ಮದು ಸೇಡಂ. ತವರುಮನೆ ಚಿಂಚೋಳಿ. ಅವ್ವನಿಗೆ ದಮ್ಮಿನ ತೊಂದರೆ. ರಾತ್ರಿ ಫೋನ್ ಬಂದರೆ ಓಡಬೇಕಲ್ಲ ಎಂದೇ ನಮ್ಮನೆಯವರು ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದರು. ಕಳೆದ ಮಳೆಗಾಲದಲ್ಲಿ ಹಾಗೆ ಹೊರಟ ರಾತ್ರಿಯೇ ಅದು ಕೈಕೊಟ್ಟಿತು. ಎದುರಿಗೆ ಹಳದಿ ದೀಪ ಹತ್ತಿತು. ಎಷ್ಟು ತುಳಿದರೂ ಗಾಡಿ ತೆವಳುತ್ತಿತ್ತು. ಅವ್ವನನ್ನು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಬೆಳಗಾಗಿತ್ತು. ದೇವರ ದಯೆ, ಉಳಿದಳು.

ಮರುದಿನ ಗ್ಯಾರೇಜಿನವರು ಯಂತ್ರ ಜೋಡಿಸಿ 'ಪಿ 0102' ಎಂಬ ಸಂಖ್ಯೆ ತೋರಿಸಿದರು. ಏರ್ ಫಿಲ್ಟರ್ ದಾಟಿದ ಮೇಲೆ ಎಂಜಿನ್ನಿಗೆ ಎಷ್ಟು ಗಾಳಿ ಹೋಯಿತೆಂದು ಅಳೆಯುವ ಸೆನ್ಸರ್ ಇರುತ್ತದೆ. ಅದರೊಳಗೆ ಕಾದ ಸಣ್ಣ ತಂತಿ. ಬಿಸಿ ಹಾಲಿಗೆ ಊದಿದರೆ ಆರುವಂತೆ, ಗಾಳಿ ಹೋದಷ್ಟೂ ಅದು ಆರುತ್ತದೆ. ಮತ್ತೆ ಕಾಯಿಸಲು ಬೇಕಾದ ಕರೆಂಟಿನಿಂದಲೇ ಗಾಳಿಯ ಲೆಕ್ಕ. ಆ ಲೆಕ್ಕ ನೋಡಿ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ.

"ಈ ಕಡೆ ಕಲ್ಲಿನ ಧೂಳು ಭಾಳ, ಸೆನ್ಸರ್ ಹಾಳಾಗ್ಯದ" ಎಂದರು. ವಾಡಿಯ ಸಿಮೆಂಟು, ಶಹಾಬಾದಿನ ಫರಸಿ ಕಲ್ಲಿನ ಸೀಮೆಯಲ್ಲಿ ಈ ಮಾತು ನಂಬದವರು ಯಾರು? ನಾನು ಕೂಡಿಟ್ಟ ದುಡ್ಡಿನಲ್ಲಿ ಹೊಸ ಸೆನ್ಸರ್ ಹಾಕಿಸಿದೆವು. ನಾಲ್ಕೇ ದಿನ. ದೀಪ ಮತ್ತೆ ಹತ್ತಿತು!

ಆಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ: ಯಾವ ದಿನ, ಯಾವ ರಸ್ತೆ, ಮಳೆಯೋ ಬಿಸಿಲೋ, ದೀಪ ಯಾವಾಗ ಹತ್ತಿತು. ಲಾರಿಗಳ ಹಿಂದೆ ಧೂಳು ಕುಡಿಯುತ್ತ ಚಿತ್ತಾಪುರದ ಮೇಲೆ ಶಹಾಬಾದಿಗೆ ಹೋಗಿಬಂದ ದಿನ ಏನೂ ಆಗಿರಲಿಲ್ಲ. ಚಿಂಚೋಳಿ ದಾರಿಯಲ್ಲಿ ಮಳೆ ಬಿದ್ದು ಧೂಳೇ ಇಲ್ಲದಾಗ, ಚಕ್ರ ತಗ್ಗಿಗೆ ಬಿದ್ದ ಕೂಡಲೇ ದೀಪ! ಐದು ಸಲವೂ ಹಾಗೇ.

"ಧೂಳಲ್ರಿ, ಅಲುಗಾಟ" ಎಂದೆ. "ನೀ ಯಾವಾಗ ಮಿಸ್ತ್ರಿ ಆದಿ?" ಎಂದು ನಮ್ಮನೆಯವರು ನಕ್ಕರು. ಆದರೂ ಬೇರೊಬ್ಬ ಮಿಸ್ತ್ರಿಯ ಹತ್ತಿರ ಕರೆದೊಯ್ದರು. ಆತ ಪುಸ್ತಕ ಓದಿ, "ಅಕ್ಕಾರ, ಅರ್ಧ ಕೆಲಸ ನೀವೇ ಮಾಡೀರಿ" ಎಂದ. ಆ ಸಂಖ್ಯೆ ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲವಂತೆ. ಸರ್ಕ್ಯೂಟಿನಿಂದ ಬರುವ ಸಂಕೇತ ತೀರ ಕಡಿಮೆ ಎಂದಷ್ಟೇ ಅದರ ಅರ್ಥ. ಸರ್ಕ್ಯೂಟೆಂದರೆ ತಂತಿ, ಪ್ಲಗ್ಗು, ಅರ್ಥಿಂಗ್ ಎಲ್ಲ ಸೇರಿ.

ಮೀಟರ್ ಹಚ್ಚಿ ನೋಡಿದ. ಬ್ಯಾಟರಿಯ 12 ವೋಲ್ಟ್ ಬರುತ್ತಿತ್ತು, ಅರ್ಥಿಂಗ್ ಸರಿಯಿತ್ತು. ಎಂಜಿನ್ ಚಾಲೂ ಇಟ್ಟು ಸಂಕೇತದ ತಂತಿಯನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋದ. ಒಂದು ಕಬ್ಬಿಣದ ಪಟ್ಟಿಯ ಹತ್ತಿರ ಬಂದದ್ದೇ ತಡ, ಮೀಟರ್ ಸೊನ್ನೆಗಿಳಿಯಿತು, ಎಂಜಿನ್ ತಡವರಿಸಿತು. ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಸಿಪ್ಪೆ ಸವೆದಿತ್ತು. ಗಾಡಿ ಕುಲುಕಿದಾಗಲೆಲ್ಲ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು! ಬೆಸುಗೆ ಹಾಕಿ, ಸ್ಲೀವ್ ಹೊದಿಸಿ, ಪಟ್ಟಿಯಿಂದ ದೂರ ಕಟ್ಟಿದ. 300 ರೂಪಾಯಿ ಆಯಿತು.

ಹೋದ ದುಡ್ಡು ಬರಲಿಲ್ಲ. ಆದರೆ ಮುಂದೆ ಯಾರಾದರೂ ಸಾಮಾನು ಬದಲಿಸಬೇಕು ಎಂದರೆ, "ಮೊದಲು ತಂತಿ ಪರೀಕ್ಷೆ ಮಾಡಿದ್ರೇನು?" ಎಂದು ನೀವೂ ಕೇಳಿ. ಎಂಜಿನ್ ಓಡುವಾಗ ಮಾತ್ರ ನೀವು ಕೈ ಹಾಕಬೇಡಿ. ಫ್ಯಾನು, ಬೆಲ್ಟು ಸೆರಗು ಎಳೆದುಕೊಂಡಾವು.

ಅವ್ವನಿಗೆ ದಮ್ಮು ಯಾವಾಗ ಏಳುತ್ತದೆ ಎಂಬುದನ್ನೂ ಈಗ ಅದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಡಾಕ್ಟರು ಅದನ್ನು ಪೂರ್ತಿ ಓದಿದ ಮೇಲೆಯೇ ಔಷಧಿ ಬರೆದರು.