ಧ್ರುವದ ಲೆಕ್ಕ

ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ಮುಚ್ಚಿತು ಎನ್ನಬೇಕೋ, ಬೆಳೆಯಿತು ಎನ್ನಬೇಕೋ? ಇವತ್ತಿಗೂ ನನಗೆ ತಿಳಿಯುತ್ತಿಲ್ಲ. ಹೆಸರು ಹೋಯಿತು, ಕೆಲಸಗಾರರು ಉಳಿದರು.

1997ರಲ್ಲಿ ರಾಜೇಶ್ ರಾವ್ ಅವರು ಶುರು ಮಾಡಿದ್ದು. ವಿಡಿಯೋ ಗೇಮ್ ಮಾಡುವ ದೇಶದ ಮೊದಲ ಸ್ಟುಡಿಯೋ. ಈ ಕಸುಬು ಕಲಿತು ಬಂದವರನ್ನು ಹುಡುಕುವ ಮಾತೇ ಇರಲಿಲ್ಲ, ಸೇರಿದವರೇ ಕಲಿತುಕೊಳ್ಳಬೇಕಿತ್ತು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿ ‘ಮಿಷನ್ ಇಂಪಾಸಿಬಲ್’ ಆಟವನ್ನು ಕಂಪ್ಯೂಟರಿಗೆ ಹೊಂದಿಸುವ ಕೆಲಸವನ್ನು ಇವರಿಗೆ ಒಪ್ಪಿಸಿತು. ಆ ಕಂಪ್ಯೂಟರ್ ಆವೃತ್ತಿ ಬಿಡುಗಡೆಯಾಗಲೇ ಇಲ್ಲ. ಅಲ್ಲಿಗೇ ನಿಂತುಹೋಗಬಹುದಿತ್ತು, ನಿಲ್ಲಲಿಲ್ಲ.

ಬೇರೆಯವರ ಆಟಗಳಿಗೆ ಚಿತ್ರ ಮಾಡಿಕೊಟ್ಟು ಬದುಕಿದರು. ಮೈಕ್ರೋಸಾಫ್ಟಿನ ‘ಫೋರ್ಜಾ’ ಆಟಗಳ ಕಾರುಗಳಲ್ಲಿ ಇವರ ಕೈಕೆಲಸವಿದೆ. ಒಂದು ಕಾರು ಎಂದರೆ ಹೊರಮೈ ಒಂದೇ ಅಲ್ಲ. ಸೀಟಿನ ಹೊಲಿಗೆ, ಮೀಟರಿನ ಮುಳ್ಳು, ದೀಪದ ಗಾಜಿನೊಳಗಿನ ಹೊಳಪು, ಎಲ್ಲವನ್ನೂ ಫೋಟೋ ಮತ್ತು ಅಳತೆ ನೋಡಿ ಕಟ್ಟಬೇಕು. ನಿಜವಾದ ಕಾರನ್ನು ಬಲ್ಲ ಆಟಗಾರನ ಕಣ್ಣಿಗೆ ಅದು ಒಪ್ಪಬೇಕು. ಈ ಕುಸುರಿಯನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮ ಮಧುಗಿರಿ ಕಡೆ ಹೊಲವನ್ನು ವಾರಕ್ಕೆ ಮಾಡಿದವನಿಗೂ ಬೆಳೆಯಲ್ಲಿ ಪಾಲುಂಟು. ಗುತ್ತಿಗೆಗೆ ಕಾರು ಮಾಡಿಕೊಟ್ಟ ಸ್ಟುಡಿಯೋಕ್ಕೆ ಸಿಗುವುದು ಕೆಲಸದ ಹಣ. ಆಟ ಗೆದ್ದರೂ ಅದು ಇವರದಲ್ಲ.

ತಮ್ಮದೇ ಏನಾದರೂ ಇರಲಿ ಎಂಬ ಆಸೆಯೂ ಇತ್ತು. ಚಾರ್ಲಿ ಚಾಪ್ಲಿನ್ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನು ಕೊಂಡಿದ್ದರು. ಅಮೆರಿಕದ ಅಂಕಣಕಾರ ಥಾಮಸ್ ಫ್ರೀಡ್‌ಮನ್ 2005ರ ತಮ್ಮ ಪುಸ್ತಕದಲ್ಲಿ ಇದನ್ನು ಮೆಚ್ಚಿ ಬರೆದಿದ್ದಾರೆ. ಬೆಂಗಳೂರಿನ ಸ್ಟುಡಿಯೋ ಚಾಪ್ಲಿನ್‌ನನ್ನು ಆರಿಸಿಕೊಂಡಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಜಗತ್ತಿಗೆಲ್ಲ ಗುರುತಿರುವ ಮುಖ ಬೇಕಿತ್ತು, ಸರಿ. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಂಥ ಜಾಗ, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಆ ಕಡಿದಾದ ಹಾದಿ, ಆಟವಾಗಲು ಇನ್ನೆಷ್ಟು ಕಾಯಬೇಕು?

2016ರ ಡಿಸೆಂಬರ್. ಸ್ವೀಡನ್ನಿನ ಗೇಮ್ ಕಂಪನಿ ಸ್ಟಾರ್‌ಬ್ರೀಜ್ ಸುಮಾರು 85 ಲಕ್ಷ ಡಾಲರಿಗೆ ಧ್ರುವದ ಶೇ. 90.5 ಪಾಲು ಕೊಳ್ಳುವುದಾಗಿ ಪ್ರಕಟಿಸಿತು. ಸಣ್ಣದಾಗಿ ಶುರುವಾದದ್ದು ಆ ಹೊತ್ತಿಗೆ 300ಕ್ಕೂ ಹೆಚ್ಚು ಜನರ ಸಂಸ್ಥೆ. ನಾನು ಬಿಡಿಸಲಾರದ ಗಂಟು ಇಲ್ಲಿಂದ ಶುರು. 2018ರ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್‌ನ ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಆಟ ಬಂತು, ಸೋತಿತು. ಮರುತಿಂಗಳೇ ಆ ಕಂಪನಿ ದಿವಾಳಿ ತಪ್ಪಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಿತು. ಹಣ ಹೊಂದಿಸಲು ಧ್ರುವವನ್ನು ಮಾರಿತು. 2019ರ ಮೇ ತಿಂಗಳಲ್ಲಿ, ಸುಮಾರು 79 ಲಕ್ಷ ಡಾಲರಿಗೆ, ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಡುವ ರಾಕ್‌ಸ್ಟಾರ್‌ಗೆ. ಬೆಂಗಳೂರಿನಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದೊಳಗೆ ಧ್ರುವ ಸೇರಿಹೋಯಿತು.

ಸೋತದ್ದು ಸ್ಟಾಕ್‌ಹೋಮ್‌ನಲ್ಲಿ, ಹೆಸರು ಅಳಿದದ್ದು ಬೆಂಗಳೂರಿನಲ್ಲಿ. ಕೆಲಸ ಕೆಟ್ಟು ಮಾರಿದ್ದಲ್ಲ. ಚೆನ್ನಾಗಿ ನಡೆಯುತ್ತಿದ್ದುದರಿಂದಲೇ ಕೊಳ್ಳುವವರು ಸಿಕ್ಕರು.

ಹೆಸರಿನ ಬಗ್ಗೆಯೇ ಇನ್ನೊಂದು ಮಾತು. ನಮ್ಮ ಕಡೆಯ ಬಲಸಮುದ್ರದ ಹುಡುಗರು ಮೊಬೈಲಿನಲ್ಲಿ ಆಡುವುದನ್ನು ನೋಡುತ್ತಿರುತ್ತೇನೆ. ಇದನ್ನು ಮಾಡಿದವರು ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ಸಿನಿಮಾ ಆದರೆ ಛಾಯಾಗ್ರಾಹಕರ ಹೆಸರೂ ಅವರ ಬಾಯಲ್ಲಿರುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿಯೂ ಬಂತು. ಈ ನೀತಿಗಳು ಹೇಳುವ ಉದ್ಯೋಗ ಬೇಕು, ನಿಜ. ಆದರೆ 22 ವರ್ಷ ದುಡಿದು ಹೆಸರು ಕಳೆದುಕೊಂಡ ಸ್ಟುಡಿಯೋ ಕಣ್ಣೆದುರಿಗಿರುವಾಗ, ಆಟದ ಒಡೆತನ ಇಲ್ಲಿಯವರ ಕೈಯಲ್ಲೇ ಉಳಿಯುವಂತೆ ಹಣ ಹೂಡುವವರು ಯಾರು? ಸರ್ಕಾರವೇ? ನಮ್ಮ ಸಾಫ್ಟ್‌ವೇರ್ ಸಿರಿವಂತರೇ?