ನೂಲಿನೆಳೆಯ ಕಿತಾಪತಿ

ಸ್ಯಾನ್ ಡಿಯೇಗೋದ ಹಳಬರಿಗೆ 2011ರ ಸೆಪ್ಟೆಂಬರ್ 8 ನೆನಪಿರಬೇಕು. ಆರಿಜೋನಾದ ಯೂಮಾ ಹತ್ತಿರ ಒಂದು ಹೈಟೆನ್ಷನ್ ಲೈನು ಕೈಕೊಟ್ಟು, ಮಧ್ಯಾಹ್ನ ಮೂರೂವರೆ ದಾಟುತ್ತಿದ್ದಂತೆ ಊರಿಗೆ ಊರೇ ಕರೆಂಟು ಕಳೆದುಕೊಂಡಿತು. ಲಾಸ್ ಏಂಜಲೀಸ್‌ನವರು ಪಾರಾದರು. ಆ ರಾತ್ರಿ ನಾವು ಕಾರಿನಲ್ಲಿ ಕೂತು ಫೋನು ಚಾರ್ಜ್ ಮಾಡಿಕೊಂಡೆವು. ಲೋಡ್ ಶೆಡ್ಡಿಂಗ್‌ನಲ್ಲೇ ಓದಿ ಪಾಸಾದ ನಮಗೆ ಅದೇನು ದೊಡ್ಡದಲ್ಲ ಬಿಡಿ. ಕರೆಂಟು ಹೋದರೆ ಬೈಯಲಿಕ್ಕಾದರೂ ಯಾರಾದರೂ ಇರುತ್ತಾರೆ. ಕರೆಂಟಿದ್ದೂ ಫೋನು ಚಾರ್ಜ್ ಆಗದಿದ್ದರೆ?

ಕಳೆದ ವರ್ಷ ನಮ್ಮಮ್ಮ ಮೊದಲ ಸಲ ಒಬ್ಬಳೇ ಬಂದಳು, ಬೆಂಗಳೂರಿನಿಂದ ದುಬೈ, ಅಲ್ಲಿಂದ ಲಾಸ್ ಏಂಜಲೀಸ್. ವಯಸ್ಸು ಎಪ್ಪತ್ತಮೂರು, ಜೊತೆಗೆ ಮಂಡಿನೋವು. ಅವಳ ಫೋನು ಇಲ್ಲಿ ಕೆಲಸ ಮಾಡುವುದಿಲ್ಲವೆಂದು ಪಾಸ್‌ಪೋರ್ಟಿನೊಳಗೆ ಒಂದು ಚೀಟಿ. ಅದರಲ್ಲಿ ನನ್ನ ನಂಬರು ಮಾತ್ರ. "ಅಳಿಯಂದಿರಿಗೆ ಯಾಕೆ ತೊಂದರೆ" ಎಂದು ಅವರದನ್ನು ಬರೆದುಕೊಳ್ಳಲೇ ಇಲ್ಲ.

ನಮ್ಮ ಮನೆಯಿಂದ ಆ ವಿಮಾನ ನಿಲ್ದಾಣ ಸುಮಾರು 120 ಮೈಲಿ. ಓಷನ್‌ಸೈಡ್ ದಾಟುವಾಗ ನೋಡುತ್ತೇನೆ, ಹೊರಟಾಗಿನಿಂದ ಚಾರ್ಜಿಗೆ ಹಾಕಿದ್ದ ಫೋನು 6 ಪರ್ಸೆಂಟ್! ಅದೇ ಕೇಬಲ್ಲನ್ನು ನಮ್ಮವರ ಫೋನಿಗೆ ಹಾಕಿದರೆ ಚಾರ್ಜ್ ಆಗುತ್ತಿದೆ. ಅಂದರೆ ಕೇಬಲ್ಲೂ ಸರಿ, ಕಾರೂ ಸರಿ. ನನ್ನೆದೆ ಧಸಕ್ಕೆಂದಿತು.

"ಮೊದಲು ಕಾಲ್ ಫಾರ್ವರ್ಡ್ ಮಾಡು" ಎಂದರು ಇವರು. ನನಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ಹೋಗುವಂತೆ ಸೆಟ್ಟಿಂಗ್ಸ್‌ನಲ್ಲಿ ಹಾಕಿದೆ. ಕರೆ ತಿರುಗುವುದು ಫೋನ್ ಕಂಪನಿಯ ಕಡೆಯಲ್ಲಿ, ಹಾಗಾಗಿ ಆಮೇಲೆ ನಮ್ಮ ಫೋನು ಆರಿಹೋದರೂ ಅಡ್ಡಿಯಿಲ್ಲ. ಅದಕ್ಕೆ ಜೀವವಿರುವಾಗಲೇ ಮಾಡಿಬಿಡಬೇಕು, ಅಷ್ಟೆ.

ಸ್ಯಾನ್ ಕ್ಲೆಮೆಂಟೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಗಮನಿಸಿದೆ: ಕೇಬಲ್ಲು ಪೂರ್ತಿ ಒಳಗೆ ಕೂರುತ್ತಿಲ್ಲ, ಕ್ಲಿಕ್ಕೆನ್ನುತ್ತಿಲ್ಲ. ಇವರು ನನ್ನ ಬಳೆಯಲ್ಲಿದ್ದ ಪಿನ್ನಿಗೆ ಕೈಹಾಕಿದರು. ನಾನು ಕೊಡಲಿಲ್ಲ, ಲೋಹ ತಾಗಿದರೆ ಒಳಗೆ ಶಾರ್ಟ್ ಆಗಬಹುದು. ಫೋನು ಆಫ್ ಮಾಡಿ, ಇವರು ಟಾರ್ಚ್ ಹಿಡಿದರೆ ನಾನು ಮರದ ಹಲ್ಲುಕಡ್ಡಿಯಿಂದ ಮೆತ್ತಗೆ ಕೆದಕಿದೆ. (ನಿಮ್ಮದು ಟೈಪ್-ಸಿ ಆಗಿದ್ದರೆ ನಡುವೆ ತೆಳು ನಾಲಿಗೆಯಿರುತ್ತದೆ, ಅದನ್ನು ಮೀಟಬೇಡಿ.) ಬಂತು ನೋಡಿ, ಜೀನ್ಸ್ ಜೇಬಿನ ನೂಲೆಲ್ಲ ಒತ್ತಿ ಒತ್ತಿ ಆಗಿದ್ದ ಬೂದುಬಣ್ಣದ ಉಂಡೆ! ದೇವರ ದೀಪದ ಬತ್ತಿಗೆ ಸಾಕಾಗುವಷ್ಟು. ಕೇಬಲ್ಲು ಕ್ಲಿಕ್ಕೆಂದಿತು, ಚಾರ್ಜ್ ಏರತೊಡಗಿತು.

ಫಾರ್ವರ್ಡ್ ಮಾತ್ರ ಹಾಗೇ ಬಿಟ್ಟಿದ್ದೆವು. ಲಾಂಗ್ ಬೀಚ್ ಹತ್ತಿರ, 405ರ ಟ್ರಾಫಿಕ್ಕಿನಲ್ಲಿ, ಇವರ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಅಮ್ಮನ ದನಿ.

"ಅಯ್ಯೋ, ನೀವಾ? ಅವಳಿಗೆ ಅಂತ ಮಾಡಿದ್ದು. ನಿಮಗೆ ತೊಂದರೆ ಆಯ್ತು, ಇಡ್ತೀನಿ."

"ಇಡಬೇಡಿ ಅತ್ತೆ!" ಎಂದು ಇವರು ಕೂಗುವಷ್ಟರಲ್ಲಿ ಇಟ್ಟೇಬಿಟ್ಟಳು.

ಅದೇ ನಂಬರಿಗೆ ವಾಪಸ್ ಮಾಡಿದರೆ ಎತ್ತಿದ್ದು ವಿಮಾನದಲ್ಲಿ ಅಮ್ಮನ ಪಕ್ಕ ಕೂತಿದ್ದ ತೆಲುಗು ಹುಡುಗಿ. "ಆಂಟಿ ಇಲ್ಲೇ ಇದ್ದಾರೆ, ನೀವು ಬರೋ ತನಕ ನಾನೂ ಇರ್ತೀನಿ" ಎಂದಳು ಇಂಗ್ಲಿಷಿನಲ್ಲಿ. ನಮಗಿನ್ನೂ ಇಪ್ಪತ್ತು ಮೈಲಿ ಬಾಕಿಯಿತ್ತು.