ಮಂದರಗಿರಿಯಿಂದ ಎಡೆಯೂರಿಗೆ

ಬೆಳಿಗ್ಗೆ ವಿಪಶ್ಯನ ಧ್ಯಾನ, ರಾತ್ರಿ ಮಲಗೋ ಮುಂಚೆ ರೂಮಿಯ ಕವಿತೆ. ನಮ್ಮಂಥ ಹುಡುಕಾಟದವರ ಪಾಡೇ ಇಷ್ಟು. ತುಮಕೂರಿನ ಸುತ್ತಲೇ ಎಷ್ಟು ದಾರಿಗಳಿವೆ ನೋಡಿ. ಮಂದರಗಿರಿ ಬೆಟ್ಟದ ಮೇಲೆ ಹಳೆಯ ಬಸದಿಗಳು, ಕೆಳಗೆ ಪಿಂಛಿಯಾಕಾರದ ಗುರುಮಂದಿರ. ದಿಗಂಬರ ಮುನಿಗಳು ಕೂರುವ ಮುನ್ನ ಆ ನವಿಲುಗರಿಯ ಪಿಂಛಿಯಿಂದ ನೆಲ ಮೆಲ್ಲಗೆ ಸವರುತ್ತಾರೆ, ಇರುವೆಗೂ ನೋವಾಗಬಾರದಲ್ಲ! ಅತ್ತ ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತ ಸಿದ್ಧಲಿಂಗರು ತೋಂಟದ ಸಿದ್ಧಲಿಂಗರೆಂದೇ ಹೆಸರಾದರು. ಗದ್ದುಗೆ ಎಡೆಯೂರಿನಲ್ಲಿ. ಅವರ 701 ವಚನಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿವೆ, ಸುಲಭಕ್ಕೆ ಬಗ್ಗುವ ಪುಸ್ತಕವಲ್ಲ, ಸ್ಕ್ರೋಲ್ ಮಾಡಿ ಮುಗಿಸೋಕಂತೂ ಆಗಲ್ಲ. ಸಿದ್ಧಗಂಗಾ ಮಠದಲ್ಲಿ ಮಾತ್ರ ನಿಮ್ಮ ಪಂಥ ಯಾವುದು ಅಂತ ಯಾರೂ ಕೇಳಲ್ಲ, ಮೊದಲು ಊಟಕ್ಕೆ ಕೂರಿಸುತ್ತಾರೆ. ನನಗೆ ಹಿಡಿಸಿದ್ದು ಆ ಅನುಭಾವವೇ. ಗುಬ್ಬಿಯ ಚನ್ನಬಸವೇಶ್ವರನ ಗುಡಿ ಈ ಸಲವೂ ಬಾಕಿ ಉಳೀತು.